ಹುಲ್ಲಿನ ಶಿವರುದ್ರಸ್ವಾಮಿ

ಅಗರದ ಶಿವರುದ್ರಸ್ವಾಮಿಗಳು ಪೆನ್ಷನ್ ಆದಮೇಲೆ ಮದ್ರಾಸು ಸೀಮೆಯ ಕೊಳ್ಳೇಗಾಲಕ್ಕೆ ಹೋಗಿ ಒಂದು ಭೂತಗನ್ನಡಿ ತಂದರು. ಅಂದಿನಿಂದ ಕೆರೆಯಂಗಳದಲ್ಲಿ ದನಗಳಿಗೂ ಅವರಿಗೂ ಪೈಪೋಟಿ. ಕುಕ್ಕರಗಾಲಲ್ಲಿ ಕೂತು, ಸಿಕ್ಕ ಕಡ್ಡಿಯನ್ನೆಲ್ಲ ಬೆರಳಲ್ಲಿ ಹೊಸೆದು ಅಂಚು ಎಣಿಸಿ, "ಮೂರು ಏಣು ಇದ್ರೆ ಜೇಕು, ದುಂಡಗಿದ್ರೆ ಜೊಂಡು, ಗೆಣ್ಣಿದ್ರೆ ಹುಲ್ಲು" ಎಂದು ದಾರಿಹೋಕರಿಗೆ ಪಾಠ ಹೇಳುವರು. ಮದುವೆಮನೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ, ಇವರು ಕೂತ ಚಾಪೆಯನ್ನೇ ಮಗುಚಿ ಅದು ಯಾವ ಜೇಕಿನದೆಂದು ನೋಡುವರು. ಇವರು ಹೆಸರು ಹೇಳಿದ್ದರಿಂದ ಒಂದು ಕರುವಿನ ಹೊಟ್ಟೆಯಾದರೂ ತುಂಬಿದ್ದನ್ನು ನಾನು ಕಾಣೆ. ಒಂದು ವರ್ಷ ಅವರದೇ ಗದ್ದೆಯಲ್ಲಿ, ಅವರೂ ಕಂಡರಿಯದ ಜೇಕೊಂದು ಎದ್ದಿತು. ಕಳೆ ಕೀಳಲು ಬಂದ ಹೆಂಗಸರನ್ನು, "ಹೂ ಬುಟ್ಮೇಲೇ ಎಸ್ರು ಗೊತ್ತಾಗೋದು, ಯಾರೂ ಮುಟ್ಬೇಡಿ ಕಣ್ರವ್ವ" ಎಂದು ವಾಪಸು ಅಟ್ಟಿದರು. ಜೇಕು ಸೊಂಟದೆತ್ತರ ಬೆಳೆಯಿತು. ಭತ್ತ ಅದರ ಬುಡದಲ್ಲೇ ಸೊರಗಿ ಹೋಯಿತು. ಊರೆಲ್ಲ ಕೊಯ್ಲು ಮಾಡುತ್ತಿದ್ದ ದಿನ, ಊಟಕ್ಕೆ ಕೂತ ಗಂಡನ ತಣಿಗೆಗೆ ಶಿವರತ್ನಮ್ಮ ಹೂಬಿಟ್ಟ ಜೇಕನ್ನೇ ಒಂದು ಹಿಡಿ ಬಡಿಸಿದರು: "ತಕಳಿ, ನಮ್ ಗದ್ದೇಲಿ ಬೆಳ್ದಿರದು ಇದೇಯ. ಎಸ್ರು ಏಳ್ಕಂಡು ಉಣ್ಣಿ." ಸ್ವಾಮಿಗಳ ಬೆರಳು ತನ್ನ ಪಾಡಿಗೆ ಕಡ್ಡಿಯನ್ನು ಹೊಸೆಯಿತು. ಮೂರು ಏಣೂ ಇದ್ದವು, ಹೂವೂ ಇತ್ತು. ಹೆಸರು ಮಾತ್ರ ಬಾಯಿಂದ ಹೊರಡಲಿಲ್ಲ.