ನರಳಾಕ ಬಂದಿಲ್ಲ

ನನಗೆ ಸರ್ಪಸುತ್ತು ಎದ್ದದ್ದು ಆರು ವರ್ಷದ ಹಿಂದೆ, ಬೇಸಿಗೆಯ ಶುರುವಿನಲ್ಲಿ. ಎಡಗಡೆ ಎದೆಯ ಕೆಳಗಿನಿಂದ ಬೆನ್ನಿನವರೆಗೆ ಪಟ್ಟಿಯ ಹಾಗೆ ಗುಳ್ಳೆಗಳು. ಹಾಲು ಕೊಡುವವಳು ನೋಡಿ "ಮಕಡೀ ಫಿರ್ ಗಯೀ" ಅಂದಳು. ಜೇಡ ಮೈಮೇಲೆ ಹರಿದರೆ ಹೀಗಾಗುತ್ತದೆ ಎಂದು ಇಲ್ಲಿಯವರ ನಂಬಿಕೆ. ಅತ್ತೆ ಆಗಿನ್ನೂ ಇದ್ದರು, ಕೆಮ್ಮಣ್ಣು ಕಲಸಿ ಹಚ್ಚಿದರು. ಗಲ್ಲಿಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮೂರು ವಾರಕ್ಕೆ ಗುಳ್ಳೆ ಒಣಗಿತು, ಹಕ್ಕಳೆ ಉದುರಿತು, ಕಂದು ಕಲೆ ಉಳಿಯಿತು. ನೋವು ಮಾತ್ರ ಹೋಗಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಕಾಶಿಯಲ್ಲೇ. ತಾತನ ಕಾಲಕ್ಕೆ ಕರ್ನಾಟಕದಿಂದ ಬಂದು ನೆಲೆನಿಂತ ಪುರೋಹಿತರ ಮನೆ ನಮ್ಮದು. ಮದುವೆಯಾಗಿ ಸೇರಿದ್ದೂ ಬಂಗಾಲಿ ಟೋಲಾದ ಅಂಥದೇ ಒಂದು ಮನೆ. ಗಂಡ ದಕ್ಷಿಣದಿಂದ ಬರುವ ಯಾತ್ರಿಕರಿಗೆ ಪಿಂಡಪ್ರದಾನ, ಗಂಗಾಪೂಜೆ ಮಾಡಿಸುತ್ತಾರೆ. ಅವರ ಊಟದ ಹೊಣೆ ನನ್ನದು. ಒಂದೊಂದು ದಿನ ಹತ್ತು ಎಲೆ, ಒಂದೊಂದು ದಿನ ಮೂವತ್ತು. ಸರ್ಪಸುತ್ತಿನ ನಂತರವೂ ಎಲೆಗಳು ಕಡಿಮೆಯಾಗಲಿಲ್ಲ. ರವಿಕೆ ತಾಗಿದರೆ ಜೀವ ಹೋಗುತ್ತಿತ್ತು, ಫ್ಯಾನಿನ ಗಾಳಿ ತಾಗಿದರೂ ಹೋಗುತ್ತಿತ್ತು. ಬಿಸಿ ಅನ್ನದ ತಪ್ಪಲೆಯನ್ನು ಸೊಂಟಕ್ಕೆ ಆನಿಸದೆ, ಕೈ ಚಾಚಿ ಎತ್ತುವುದನ್ನು ಅಭ್ಯಾಸ ಮಾಡಿಕೊಂಡೆ.

ಗಾಯ ಮಾಗಿದೆಯಲ್ಲ, ಇನ್ನೇನು ನೋವು ಎಂದು ಎಲ್ಲರೂ ಕೇಳಿದರು. ಗಲ್ಲಿಯ ಡಾಕ್ಟರು ಸ್ವಲ್ಪ ದಿನ ಇರುತ್ತದೆ ಎಂದು ಟಾನಿಕ್ ಕೊಟ್ಟರು. ವರ್ಷ ಕಳೆದ ಮೇಲೆ ಇನ್ನೊಬ್ಬರ ಹತ್ತಿರ ಹೋದೆವು. ಅವರು ನನ್ನನ್ನು ಏನೂ ಕೇಳಲಿಲ್ಲ. ಮನೆಯಲ್ಲಿ ಏನಾದರೂ ಟೆನ್ಶನ್ ಇದೆಯೇ ಎಂದು ಗಂಡನನ್ನು ಕೇಳಿದರು. ಕೊನೆಗೆ ಗಂಡನಿಗೆ ಮಾತ್ರ ಹೇಳುವವರ ಹಾಗೆ ತಗ್ಗಿದ ದನಿಯಲ್ಲಿ "ವಹಮ್ ಹೈ" ಅಂದರು. ವಹಮ್ ಎಂದರೆ ಭ್ರಮೆ. ನಾನು ಅಲ್ಲೇ ಎರಡಡಿ ದೂರದಲ್ಲಿ ಕೂತಿದ್ದೆ, ಹಿಂದಿ ನನಗೆ ಕನ್ನಡಕ್ಕಿಂತ ಚೆನ್ನಾಗಿ ಬರುತ್ತದೆ. ಗಂಡ ಆ ಮಾತನ್ನು ನಂಬಿದರು ಎಂದಲ್ಲ. ಆದರೆ ಹಾಗಲ್ಲ ಎಂದೂ ಅನ್ನಲಿಲ್ಲ. ಆವತ್ತಿನಿಂದ ನಾನು ಹೇಳುವುದನ್ನು ಬಿಟ್ಟೆ. ಯಾರು ಕೇಳಿದರೂ "ಪರವಾಗಿಲ್ಲ" ಎಂಬ ಒಂದೇ ಉತ್ತರ. ಹಾಗೆ ಮೂರು ವರ್ಷ ಹೋಯಿತು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಆಯಿಯ ಪರಿಚಯವಾಯಿತು. ಜಂಗಮವಾಡಿಯ ಒಂದು ಗಲ್ಲಿಯಲ್ಲಿ, ಕೊನೆಗಾಲ ಕಳೆಯಲು ಊರಿನಿಂದ ಬಂದ ನಾಲ್ಕೈದು ಹೆಂಗಸರು ಒಂದೊಂದು ಕೋಣೆ ಹಿಡಿದು ಇದ್ದಾರೆ. ಅವರಲ್ಲಿ ಬಾಗಲಕೋಟೆ ಕಡೆಯ ಒಬ್ಬ ಮುದುಕಿಯನ್ನು ಎಲ್ಲರೂ ಆಯಿ ಎಂದು ಕರೆಯುತ್ತಾರೆ. ಕಾಶಿಗೆ ಬಂದು ಹತ್ತು ವರ್ಷವಾದರೂ ಆಕೆ ಕಲಿತದ್ದು ಮೂರೇ ಹಿಂದಿ ಮಾತು: ಎಷ್ಟು ಎನ್ನಲು ಕಿತನಾ, ಇಲ್ಲ ಎನ್ನಲು ನಹೀಂ, ಆಚೆ ಸರಿ ಎನ್ನಲು ಹಟೋ. ಆಕೆಯನ್ನು ಆಸ್ಪತ್ರೆಗೆ ತೋರಿಸಬೇಕು, ಎರಡೂ ಭಾಷೆ ಬಲ್ಲವರು ಯಾರಾದರೂ ಜೊತೆಗೆ ಬೇಕು ಎಂದು ಆ ಮನೆ ನೋಡಿಕೊಳ್ಳುವವರು ಹೇಳಿಕಳಿಸಿದರು. ಒಲ್ಲೆ ಎನ್ನಲಾಗಲಿಲ್ಲ. ಹೋದೆ.

ಬೆಳಿಗ್ಗೆ ಎಂಟಕ್ಕೆ ಸಾಲಿನಲ್ಲಿ ನಿಂತ ನಮಗೆ ಡಾಕ್ಟರು ಸಿಕ್ಕಿದ್ದು ಹನ್ನೊಂದೂವರೆಗೆ. ಚಿಕ್ಕ ವಯಸ್ಸಿನವರು, ಮುಖದಲ್ಲಿ ನಿದ್ದೆ ಕಡಿಮೆಯಾದ ಕಳೆ. ಏನು ತೊಂದರೆ ಎಂದು ಕೇಳಿದರು. ನಾನು ಆಯಿಗೆ ಕೇಳಿದೆ. ಆಯಿ ಮೂರೂವರೆ ಗಂಟೆ ಇದಕ್ಕೇ ಕಾದವರ ಹಾಗೆ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಶುರುಮಾಡಿದರು.

"ಟೊಂಕದಾಗ ಹುಟ್ಟತೈತಿ. ಅಲ್ಲಿಂದ ಕುಂಡ್ಯಾಗ ಇಳದು ಮೀನಖಂಡದ ತನಕ ಹರೀತೈತಿ. ನೂರ ಹೆಜ್ಜಿ ನಡದ್ರ ಸಾಕು, ಈ ಕಾಲ ನಂದಲ್ಲ ಅನಸ್ತೈತಿ. ಮೊದಲ ಜೋಮ, ಆಮ್ಯಾಲ ಇರಿವಿ ಹರದಂಗ, ಆಮ್ಯಾಲ ಒಮ್ಮಿಗೇ ಚಳಕ ಹೊಡೀತೈತಿ. ಕುಂತ್ರ ತಣ್ಣಗಾಕ್ಕೈತಿ."

ನಾನು ಡಾಕ್ಟರಿಗೆ ಹೇಳಿದೆ, "ಘುಟನೇ ಮೇಂ ಬಹುತ್ ದರ್ದ್ ಹೈ." ಮಂಡಿ ತುಂಬಾ ನೋಯುತ್ತದೆ.

ಯಾಕೆ ಹಾಗೆ ಹೇಳಿದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಮುದುಕಿಯರಿಗೆಲ್ಲ ಮಂಡಿ ನೋವೇ ಎಂದು ಮೊದಲೇ ತೀರ್ಮಾನಿಸಿದ್ದೆ. ಮನೆಯಲ್ಲಿ ಹದಿನೈದು ಜನರ ಊಟಕ್ಕೆ ಬೇಳೆ ಬೇಯಿಸಬೇಕಾಗಿತ್ತು. ಹಿಂದಿನವರು ತಳ್ಳುತ್ತಿದ್ದರು. ನನಗೆ ಡಾಕ್ಟರುಗಳು ಮಾಡಿದ್ದನ್ನೇ ನಾನು ಆಕೆಗೆ ಮಾಡಿದ್ದೆ, ಅದೂ ಅವರಿಗಿಂತ ಬೇಗ.

ಡಾಕ್ಟರು ಬಗ್ಗಿ ಮಂಡಿ ಅಮುಕಿ ನೋಡತೊಡಗಿದರು. ಆಯಿ ಅವರ ಕೈಯನ್ನು ಸರಿಸಿ "ಹಟೋ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾ ಇಷ್ಟುದ್ದ ಹೇಳಿದೆ, ನೀ ಇಷ್ಟ ಗಿಡ್ಡ ಹೇಳಿದಿ. ನಡುವಿಂದೆಲ್ಲಾ ಎಲ್ಲಿ ಹೋತು?"

ಡಾಕ್ಟರು ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ, ಮಾತ್ರೆ ಬರೆಯುತ್ತೇನೆ ಎಂದರು. ಬಾಗಿಲಲ್ಲಿ ನಿಂತಿದ್ದ ಜವಾನ, ಕಾಶಿಗೆ ಬಂದಿದ್ದೀರಿ ಮಾತಾಜಿ, ಬಾಬಾನ ಹೆಸರು ಹೇಳಿ, ನೋವೆಲ್ಲ ಕಳೆದ ಜನ್ಮದ್ದು ಎಂದು ಸಮಾಧಾನ ಮಾಡಿದ. ಅವನು ಏನಂದ ಎಂದು ಆಯಿ ಕೇಳಿದರು. ಈ ಸಲ ನಾನು ಪೂರ್ತಿ ಹೇಳಿದೆ.

ಆಯಿ ಏಳಲಿಲ್ಲ. "ಕಾಶಿಗೆ ಸಾಯಾಕ ಬಂದೀನಿ, ನರಳಾಕ ಬಂದಿಲ್ಲ," ಅಂದರು. "ಹಂಗಂತ ಹೇಳು ಅವರಿಗೆ. ಒಂದ ಅಕ್ಷರಾ ಬಿಡಬ್ಯಾಡ."

ಬಿಡಲಿಲ್ಲ. ಹಿಂದಿಯಲ್ಲಿ ಹೇಳುವಾಗ ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಡಾಕ್ಟರು ನಗಲಿಲ್ಲ, ಪೆನ್ನು ಕೆಳಗಿಟ್ಟರು. ಮತ್ತೆ ಮೊದಲಿನಿಂದ ಹೇಳಿ ಅಂದರು.

ಆಯಿ ಹೇಳಿದ್ದನ್ನು ಒಂದೊಂದಾಗಿ ದಾಟಿಸಿದೆ. ಜೋಮಿಗೆ ಝುನಝುನೀ ಎಂದೆ, ಚಳಕಿಗೆ ಬಿಜಲಿಯ ಹಾಗೆ ಎಂದೆ. ಹರಿಯುವುದಕ್ಕೆ ಏನನ್ನಬೇಕೋ ತಿಳಿಯದೆ ಆಕೆಯ ಸೊಂಟದಿಂದ ಮೀನಖಂಡದವರೆಗೆ ಬೆರಳೆಳೆದು ತೋರಿಸಿದೆ. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ಡಾಕ್ಟರು ಕೇಳಿದಾಗ, ಯಾವ ಹೊತ್ತಿನ ಲೆಕ್ಕ ಕೇಳುತ್ತಾರೆ ಎಂದು ಆಯಿ ತಿರುಗಿ ಕೇಳಿದರು. ಕೂತಾಗ ಒಂದು, ನಡೆದಾಗ ಎಂಟು, ಘಾಟಿನ ಮೆಟ್ಟಿಲು ಇಳಿಯುವಾಗ ಎಣಿಸುವಷ್ಟು ಬುದ್ಧಿಯೇ ಇರುವುದಿಲ್ಲವಂತೆ. ಡಾಕ್ಟರು ಅದನ್ನು ಹಾಗೇ ಬರೆದುಕೊಂಡರು. ಆಕೆಯನ್ನು ಮಲಗಿಸಿ, ಕಾಲೆತ್ತಿಸಿ, ಪಾದಕ್ಕೆ ಪಿನ್ನು ತಾಗಿಸಿ ನೋಡಿದರು. ಬೆನ್ನಿನ ಸ್ಕ್ಯಾನ್‌ಗೆ ಕಳಿಸಿದರು. ವಾರದ ನಂತರ ಗೊತ್ತಾಯಿತು, ಬೆನ್ನುಮೂಳೆಯ ಕೆಳಭಾಗದಲ್ಲಿ ನರಗಳು ಇಕ್ಕಟ್ಟಿಗೆ ಸಿಕ್ಕಿವೆ, ಮಂಡಿಯ ತಪ್ಪೇನೂ ಇಲ್ಲ. ಎಷ್ಟೋ ವರ್ಷ ಜೊತೆಯ ಹೆಂಗಸರು ಮಂಡಿ ನೋವೆಂದೇ ತಿಳಿದು ಆಕೆಯ ಮಂಡಿಗೆ ಎಣ್ಣೆ ತಿಕ್ಕಿದ್ದರು.

ಆವತ್ತು ಆಸ್ಪತ್ರೆಯಿಂದ ಟೋಟೋದಲ್ಲಿ, ಅಂದರೆ ಬ್ಯಾಟರಿ ರಿಕ್ಷಾದಲ್ಲಿ, ಹಿಂದಿರುಗುವಾಗ ಆಯಿ ನನ್ನನ್ನೇ ನೋಡುತ್ತ ಕೂತಿದ್ದರು. ನಿನಗೇನಾಗಿದೆ ಎಂದು ಕೇಳಿದರು. ಏನಿಲ್ಲ ಎಂದೆ. "ಏನಿಲ್ಲಂದ್ರ ಸೆರಗ ಯಾಕ ಮೈಯಿಂದ ಎತ್ತಿ ಹಿಡದಿ?" ಅಂದರು.

ಎಷ್ಟೋ ವರ್ಷದಿಂದ ಹಾಗೇ ಹಿಡಿಯುತ್ತಿದ್ದೆ. ಮನೆಯವರು ಯಾರೂ ನೋಡಿರಲಿಲ್ಲ, ನಾನೂ ಮರೆತಿದ್ದೆ. ಸರ್ಪಸುತ್ತಿನ ವಿಷಯ ಹೇಳಿದೆ. ಇನ್ನೂ ನೋವಿದೆ ಎಂದೆ. ಎಂಥಾ ನೋವು ಎಂದರು. ಉರಿ ಎಂದೆ.

"ಎಂಥಾ ಉರಿ? ಮೆಣಸಿನಕಾಯಿ ಉರೀನೋ, ಬೆಂಕಿ ಉರೀನೋ, ಸುಣ್ಣದ ಉರೀನೋ?"

ನನ್ನ ಕನ್ನಡ ಅಡುಗೆಮನೆಯದು, ಪೂಜೆಯದು, ಯಾತ್ರಿಕರನ್ನು ಬನ್ನಿ ಕೂತ್ಕೊಳ್ಳಿ ಎನ್ನುವಷ್ಟರದು. ನನ್ನ ಮಗಳಿಗೆ ಅಷ್ಟೂ ಇಲ್ಲ, ಅವಳು ನನಗೆ ಹಿಂದಿಯಲ್ಲೇ ಉತ್ತರಿಸುತ್ತಾಳೆ. ಆದರೆ ಹಿಂದಿಯಲ್ಲೂ ನಾನು ದರ್ದ್, ಜಲನ್ ಎಂಬುದರಾಚೆ ಹೋದವಳಲ್ಲ. ಯಾರೂ ಮುಂದಕ್ಕೆ ಕೇಳಿರಲಿಲ್ಲ. ಗೋದೌಲಿಯಾದ ಗದ್ದಲದಲ್ಲಿ ಟೋಟೋ ನಿಂತಿತು, ಮುಂದೆ ಗೂಳಿಯೊಂದು ಅಡ್ಡ ನಿಂತಿತ್ತು. ಆ ಹೊತ್ತಿಗೆ ನಾನು ಯೋಚಿಸಿ ಹೇಳಿದೆ: ಸುಣ್ಣದ ಉರಿ. ಹಸಿ ಸುಣ್ಣ ಮೈಗೆ ಬಳಿದು ಒಣಗುತ್ತ ಬಂದ ಹಾಗೆ. ಅದು ಯಾವಾಗಲೂ ಇರುವುದು. ಅದರ ಮೇಲೆ ಬಟ್ಟೆ ತಾಗಿದಾಗ ಬೇರೆ. ಸುಟ್ಟ ಚರ್ಮದ ಮೇಲೆ ಯಾರೋ ಹುಲ್ಲು ಎಳೆದ ಹಾಗೆ. ಮತ್ತೆ ನಡುನಡುವೆ, ಕಾರಣವಿಲ್ಲದೆ, ಒಳಗಿನಿಂದ ಸೂಜಿ ಹೊರಗೆ ಬಂದ ಹಾಗೆ.

"ಮೂರ ಅದಾವ," ಅಂದರು ಆಯಿ. "ನೀ ಒಂದ ಅಂದಿದ್ದಿ."

ಅಷ್ಟೇ. ಸಮಾಧಾನದ ಮಾತು ಒಂದೂ ಇಲ್ಲ. ಆದರೂ ಆ ಟೋಟೋದಲ್ಲಿ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಮೂರು ಬಗೆಯ ನೋವನ್ನು ನಾನು ವರ್ಷಗಟ್ಟಲೆ "ಪರವಾಗಿಲ್ಲ" ಎಂಬ ಒಂದು ಮಾತಿನಲ್ಲಿ ಕಟ್ಟಿಟ್ಟಿದ್ದೆ. ಕಟ್ಟಿಸಿದವರು ಬೇರೆಯವರು, ನಿಜ. ಗಂಟು ಹಾಕಿದ ಕೈ ನನ್ನದೇ.

ನೋವಿಗೇ ಅಂತ ಅದೇ ಆಸ್ಪತ್ರೆಯಲ್ಲಿ ಬೇರೆ ಕೋಣೆ ಇದೆ ಎಂದು ಆಯಿಯ ಡಾಕ್ಟರಿಂದ ತಿಳಿದಿತ್ತು. ಮುಂದಿನ ತಿಂಗಳು ಹೋದೆ. ಗಂಡನೂ ಬಂದರು. ಅಲ್ಲಿದ್ದವರು ನಡುವಯಸ್ಸಿನ ಲೇಡಿ ಡಾಕ್ಟರು. ಅಭ್ಯಾಸದಂತೆ ಗಂಡನೇ ಶುರುಮಾಡಿದರು, ಇವಳಿಗೆ ಥೋಡಾ ಜಲನ್ ಇದೆ ಎಂದು. ಥೋಡಾ ಎಂದರೆ ಸ್ವಲ್ಪ. ನಾನು ಅವರ ತೋಳಿನ ಮೇಲೆ ಕೈಯಿಟ್ಟೆ.

"ನಾನೇ ಹೇಳ್ತೀನಿ. ಥೋಡಾ ಅಲ್ಲ."

ಹೇಳಿದೆ. ಸುಣ್ಣ, ಹುಲ್ಲು, ಸೂಜಿ, ಮೂರನ್ನೂ. ಯಾವುದು ಯಾವ ಹೊತ್ತಿಗೆ, ಯಾವ ಕೆಲಸಕ್ಕೆ ಹೆಚ್ಚಾಗುತ್ತದೆ, ಯಾವ ಬಟ್ಟೆ ಆಗುವುದಿಲ್ಲ. ಡಾಕ್ಟರು ಹತ್ತಿಯ ಎಳೆಯೊಂದನ್ನು ಬಲಗಡೆ ಸವರಿದರು, ಏನೂ ಆಗಲಿಲ್ಲ. ಎಡಗಡೆ ಸವರಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಚರ್ಮ ಮಾಗಿದೆ, ಒಳಗಿನ ನರ ಮಾಗಿಲ್ಲ, ಏಟು ಇಲ್ಲದಿದ್ದರೂ ಅದು ಏಟು ಬಿತ್ತೆಂದು ಕೂಗುತ್ತಲೇ ಇದೆ ಎಂದು ವಿವರಿಸಿದರು. ಹಾಗಾದರೆ ಇದು ವಹಮ್ ಅಲ್ಲವೇ ಎಂದು ಕೇಳಿದೆ. ಗಂಡನ ಮುಖ ನೋಡಿಕೊಂಡೇ ಕೇಳಿದೆ. ಡಾಕ್ಟರು ಅಲ್ಲ ಎಂದರು. ಇದಕ್ಕೆ ಹೆಸರಿದೆ, ಔಷಧಿ ಇದೆ, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ, ಕಡಿಮೆ ಮಾಡಬಹುದು ಎಂದರು. ಮನೆಯ ಮೆಟ್ಟಿಲ ಹತ್ತಿರ ಬಂದಾಗ ಗಂಡ, "ಆವತ್ತು ವಹಮ್ ಅಂದ ಆ ಡಾಕ್ಟರ ಮುಂದೆ ನಾನು ಏನಾದರೂ ಅನ್ನಬೇಕಿತ್ತು," ಎಂದರು. ಹೌದು, ಅನ್ನಬೇಕಿತ್ತು ಎಂದೆ. ಬಿಡಿ ಎಂದು ಹೇಳಲಿಲ್ಲ.

ಮಾತ್ರೆಗಳಿಂದ ಮೊದಲು ತಲೆ ತಿರುಗಿತು, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಆಮೇಲೆ ಹೊಂದಿಕೊಂಡಿತು. ಸೂಜಿ ಹೋಯಿತು. ಹುಲ್ಲು ಅರ್ಧವಾಯಿತು. ಸುಣ್ಣ ಇನ್ನೂ ಇದೆ, ಈಗ ಬರೆಯುವಾಗಲೂ. ಹಳೆಯ ಮಲ್‌ಮಲ್ ಸೀರೆ ಹರಿದು ಸಡಿಲ ರವಿಕೆ ಹೊಲಿಸಿಕೊಂಡಿದ್ದೇನೆ, ಹೊಲಿಗೆ ಹೊರಗೆ ಬರುವಂತೆ ತಿರುವಿ ಹಾಕುತ್ತೇನೆ. ಕಂಡವರು ಉಲ್ಟಾ ಹಾಕಿದ್ದೀಯ ಎನ್ನುತ್ತಾರೆ. ಗೊತ್ತಿದೆ ಎನ್ನುತ್ತೇನೆ. ವಾರಕ್ಕೊಂದು ದಿನ ಅಡುಗೆ ಒಪ್ಪಿಕೊಳ್ಳುವುದಿಲ್ಲ.

ಕಳೆದ ವರ್ಷ ಮಾವನ ಶ್ರಾದ್ಧಕ್ಕೆ ನಾದಿನಿ ಬಂದಿದ್ದಳು. ಬಡಿಸುವ ಹೊತ್ತಿಗೆ ನಾನು ಗೋಡೆಗೆ ಬಲಭಾಗ ಆನಿಸಿ ಕೂತದ್ದನ್ನು ಕಂಡು, ಅತ್ತಿಗೆ, ನಿಮ್ಮ ಮುಖ ನೋಡಿದರೆ ನೋವಿದೆ ಅಂತ ಅನಿಸಲ್ಲ ಅಂದಳು.

"ಮುಖದಲ್ಲಿ ಇಲ್ಲಮ್ಮ, ಪಕ್ಕೆಯಲ್ಲಿದೆ," ಎಂದೆ. "ನಾನು ಕೂತಿರ್ತೀನಿ. ಇವತ್ತು ನೀನು ಬಡಿಸು."

ಬಡಿಸಿದಳು. ಚೆನ್ನಾಗಿಯೇ ಬಡಿಸಿದಳು.

ಆಯಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ನೂರು ಹೆಜ್ಜೆ ಮುನ್ನೂರಾಯಿತು. ಅದಕ್ಕಿಂತ ಹೆಚ್ಚಾಗಲಿಲ್ಲ. ಒಂದು ದಿನ ಆಕೆ ಗಂಗೆಯಾಚೆಯ ರಾಮನಗರದ ಕೋಟೆ ನೋಡಬೇಕು, ಅಲ್ಲಿಯ ಲಸ್ಸಿ ಕುಡಿಯಬೇಕು ಎಂದರು. ಅಕ್ಕಪಕ್ಕದ ಕೋಣೆಯವರು ಗಾಬರಿಯಾದರು. ಕಾಶಿಯಲ್ಲಿ ಸತ್ತರೆ ಮುಕ್ತಿ, ಹೊಳೆ ದಾಟಿ ಆ ದಂಡೆಯಲ್ಲಿ ಸತ್ತರೆ ಕತ್ತೆಯ ಜನ್ಮ ಎಂಬುದು ಇಲ್ಲಿ ಎಲ್ಲರೂ ಬಲ್ಲ ಮಾತು. ಸಾಯಲೆಂದು ಬಂದವರು ಸೇತುವೆ ದಾಟುವುದೇ ಇಲ್ಲ. ಒಬ್ಬಾಕೆಯಂತೂ ಆಯಿಯ ಕೈ ಹಿಡಿದು ಬೇಡಿಕೊಂಡಳು.

"ಕತ್ತಿಗೆ ನಾಕ ಕಾಲ ಇರತಾವ," ಅಂದರು ಆಯಿ. "ಒಂದ ನೋಯ್ತಂದ್ರ ಮೂರ ಉಳೀತಾವ. ಈಗ ನನಗ ಅಷ್ಟೂ ಇಲ್ಲ."

ನಾವಿಬ್ಬರೂ ಆಟೋದಲ್ಲಿ ಹೋದೆವು. ಸೇತುವೆಯ ಮೇಲಿನ ಪ್ರತಿ ಕುಳಿಗೂ ಆಯಿಗೆ ಚಳಕು, ನನಗೆ ಹುಲ್ಲು. ಕೋಟೆಯನ್ನು ಹೊರಗಿನಿಂದಲೇ ನೋಡಿದೆವು, ಮೆಟ್ಟಿಲು ಹತ್ತುವುದು ಇಬ್ಬರಿಗೂ ಬೇಡವಾಗಿತ್ತು. ಪೇಟೆಯಲ್ಲಿ ಅಂಗಡಿಯ ಬೆಂಚಿನ ಮೇಲೆ ಕೂತು ಮಣ್ಣಿನ ಕುಡಿಕೆಯಲ್ಲಿ ಲಸ್ಸಿ ಕುಡಿದೆವು. ಮೇಲೆ ಬೆರಳು ದಪ್ಪ ಕೆನೆ. ಆಯಿ ಇನ್ನೊಂದು ಬೇಕೆಂದರು. ಹೆಚ್ಚಾಯಿತು, ತಣ್ಣಗಿನದು, ಬೆನ್ನಿಗಾಗುವುದಿಲ್ಲ ಎಂದು ನನ್ನ ಬಾಯಿಗೆ ಬಂದಿತ್ತು. ಹೇಳದೆ ಇನ್ನೊಂದು ತರಿಸಿದೆ.

ಅದನ್ನು ನಿಧಾನವಾಗಿ ಮುಗಿಸಿ ಕುಡಿಕೆಯನ್ನು ಬುಟ್ಟಿಗೆ ಎಸೆದು, ಆಯಿ ಬೆಂಚಿನ ಅಂಚು ಹಿಡಿದು ತಾವೇ ಎದ್ದರು. ಅಂಗಡಿಯವನು ಕೈ ಕೊಡಲು ಬಂದ. ಬೇಡವೆಂದು ತಲೆಯಾಡಿಸಿ ಆಟೋ ನಿಂತಿದ್ದ ಕಡೆಗೆ ಹೊರಟರು, ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡರು. ನಾನು ಪಕ್ಕದಲ್ಲಿ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದೆ.