ಹೊರಡುವ ಕಡೆಯ ದೊಡ್ಡಮ್ಮ

ವಿಮಾನ ನಿಲ್ದಾಣದಲ್ಲಿ ಮಕ್ಕಳಿಗೆ ಹಾಲೂಡಿಸುವ ಕೋಣೆಯನ್ನು ಒರೆಸಿ ಒಪ್ಪವಾಗಿಡುವ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಒಳಗೆ ಬಂದ ಯಾರೂ ಆಕೆಯ ಉಪದೇಶ ಕೇಳದೆ ಹೊರಗೆ ಹೋದದ್ದಿಲ್ಲ. "ನೋಡಮ್ಮಾ, ಈಗಲೇ ಹೊಟ್ಟೆ ಬಿರಿಯೋ ಹಾಗೆ ಕುಡಿಸಬೇಡ. ವಿಮಾನ ಏಳುವಾಗ ಕುಡಿಸು, ಇಳಿಯುವಾಗ ಕುಡಿಸು. ಚೀಪ್ತಾ ಇದ್ರೆ ಮಗೂಗೆ ಕಿವಿ ನೋಯಲ್ಲ." ಮಗುವಿಗೆ ನಾಲ್ಕು ಅಂಗಿ ತಂದವಳನ್ನು "ನಿನಗೆ?" ಎಂದು ಕೇಳುತ್ತಾಳೆ, ಅವಳು ಪಿಳಿಪಿಳಿ ನೋಡಿದರೆ, "ಅದು ಕಕ್ಕೋದು ನಿನ್ನ ಮೇಲೇ ತಾಯಿ!" ಎಂದು ನಗುತ್ತಾಳೆ. ಬಾಗಿಲಲ್ಲಿ ತಡವರಿಸುವ ಅಪ್ಪಂದಿರನ್ನೂ ಕೂರಿಸಿ, ಚೀಲದ ತಳದಲ್ಲಿ ಹೂತಿಟ್ಟ ಡೈಪರುಗಳನ್ನು ಮೇಲಕ್ಕೆ ಇಡಿಸದೆ ಬಿಡುವುದಿಲ್ಲ. ಪೈಲಟ್ಟೇ ಬಂದರೂ ಅವನಿಗೂ ನಾಲ್ಕು ಬುದ್ಧಿಮಾತು ಹೇಳಿಯಾಳು. ಹಾಗೆಂದು ಆಕೆ ವಿಮಾನ ಹತ್ತಿದವಳೇನಲ್ಲ. ಹಿಂದೆಂದೋ ಹೋಗಿ ಪಾಡುಪಟ್ಟ ತಾಯಂದಿರ ಬಾಯಿಂದ ಕೇಳಿದ್ದನ್ನೇ ಮುಂದಿನವರಿಗೆ ದಾಟಿಸುತ್ತಾಳೆ. ಆ ಕೋಣೆ ಇರುವುದು ಹೊರಡುವವರ ಕಡೆ. ಬಂದಿಳಿದವರದು ಬೇರೆಯದೇ ದಾರಿ. ಹನ್ನೊಂದು ವರ್ಷಗಳಲ್ಲಿ, "ದೊಡ್ಡಮ್ಮಾ, ನೀವು ಹೇಳಿದ ಹಾಗೇ ಮಾಡಿದೆ, ಮಗು ಅಳಲೇ ಇಲ್ಲ" ಎನ್ನಲು ಒಬ್ಬರಾದರೂ ತಿರುಗಿ ಬಂದಿಲ್ಲ. ಆದರೂ ತಾಯಿ ಕೂಸನ್ನೆತ್ತಿಕೊಂಡು ಹೋದ ಮೇಲೆ, ಅದು ಮಲಗಿದ್ದ ಮೆತ್ತೆಯನ್ನು ಒರೆಸಿ, ಕಿಟಕಿಯ ಗಾಜಿಗೆ ಹಣೆ ಆನಿಸಿ ನಿಲ್ಲುತ್ತಾಳೆ. ದೂರದಲ್ಲಿ ವಿಮಾನ ಓಡಿ ಓಡಿ ಮೂತಿ ಎತ್ತುತ್ತಿದ್ದಂತೆ, ಖಾಲಿ ಕೋಣೆಯಲ್ಲಿ ಮೆಲ್ಲಗೆ ಹೇಳುತ್ತಾಳೆ: "ಈಗ ಕುಡಿಸಮ್ಮಾ, ಈಗ."