ಸ್ಟುಟ್‌ಗಾರ್ಟ್‌ನ ಮೆಟ್ಟಿಲು, ಹೊಣಕೆರೆಯ ಅಂಗಿ

ಕಳೆದ ನವೆಂಬರ್‌ನ ಮೊದಲ ಶನಿವಾರ ಬೆಳಿಗ್ಗೆ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾನು ಬಾಡಿಗೆಗಿರುವ ಕಟ್ಟಡದ ಮೆಟ್ಟಿಲ ಮೇಲಿಂದ ಬಕೆಟ್ ಸಮೇತ ಜಾರಿ ಬಿದ್ದೆ. ಕೆಳಗಿನ ಮನೆಯ ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಫ್ರಾವ್ ಕೆಲ್ಲರ್ ಹೊರಗೆ ಬಂದು ನನ್ನನ್ನು ಕೈಹಿಡಿದು ಎಬ್ಬಿಸಿದರು. ಫ್ರಾವ್ ಅಂದರೆ ಶ್ರೀಮತಿ. ಆಮೇಲೆ ನಗುತ್ತಾ ಕೇಳಿದರು: "ಬೆಳಗಾಗುತ್ತಲೇ ಕುಡಿದಿದ್ದೀಯಾ?"

ಅದು ಇಲ್ಲಿಯ ತಮಾಷೆ. ನಾನೂ ನಕ್ಕೆ. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, ನೆಲದ ಹಲಗೆಗಳ ನಡುವಿನ ಗೆರೆಯ ಮೇಲೆ ಗೋಡೆಯಿಂದ ಗೋಡೆಗೆ ನಡೆದು ನೋಡಿದೆ. ತೋಳು ಚಾಚಿ ಬೆರಳುಗಳನ್ನು ದಿಟ್ಟಿಸಿದೆ. ಅಲುಗಲಿಲ್ಲ. ಮೆಟ್ಟಿಲು ಒದ್ದೆಯಿತ್ತು, ಚಪ್ಪಲಿ ಹಳೆಯದು. ಬಿದ್ದದ್ದಕ್ಕೆ ಇವೆರಡೇ ಕಾರಣ ಎಂದು ನನ್ನನ್ನು ನಂಬಿಸಿಕೊಳ್ಳುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಮೆಟ್ಟಿಲು ತೊಳೆಯುವುದು ಇಲ್ಲಿ ಬಾಡಿಗೆದಾರರ ಕೆಲಸ. ಇದಕ್ಕೆ 'ಕೇರ್‌ವೊಖೆ' ಎಂದು ಹೆಸರು; ಗುಡಿಸುವ ವಾರ ಎಂದರ್ಥ. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಮರದ ಹಲಗೆ ನೇತುಬೀಳುತ್ತದೆ. ನಮ್ಮೂರು ಹೊಣಕೆರೆಯಲ್ಲಿ ಅವ್ವ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟರೆ ಬೀದಿಯವರು ನಿಂತು ಹೊಗಳುತ್ತಾರೆ. ಇಲ್ಲಿ ಫ್ರಾವ್ ಕೆಲ್ಲರ್ ಕಂಬಿಯ ಮೇಲೆ ಬೆರಳಾಡಿಸಿ, ಏನೂ ಅನ್ನದೆ ಹೋದರೆ ಅದೇ ಹೊಗಳಿಕೆ. ಅವರು ಏನೂ ಅನ್ನದೆ ಹೋದ ಮೊದಲ ವಾರ ನಾನು ಅವ್ವನಿಗೆ ಫೋನ್ ಮಾಡಿ ಹೇಳಿದ್ದೆ.

"ಅಷ್ಟು ಓದ್ಕಂಡು ಮೆಟ್ಲು ತೊಳಿಯಾಕೆ ಓದ್ಯಾ ಮಗ?" ಎಂದಿದ್ದಳು ಅವ್ವ. ಮಗಳಾದರೂ ನಾನು ಅವಳ ಬಾಯಲ್ಲಿ 'ಮಗ'.

ನಾನು ಬಂದದ್ದು ಒಂದು ಪ್ರಯೋಗಾಲಯದ ಕೆಲಸಕ್ಕೆ. ಹಂಟಿಂಗ್ಟನ್ ಎಂಬ ಕಾಯಿಲೆಯಲ್ಲಿ ಒಂದೇ ಒಂದು ಜೀನ್ ಕೆಟ್ಟಿರುತ್ತದೆ. ಅದರೊಳಗೆ ಮೂರಕ್ಷರದ ತುಣುಕೊಂದು ಮಿತಿಮೀರಿ ಮತ್ತೆ ಮತ್ತೆ ಬಂದಿರುತ್ತದೆ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಮಿದುಳಿನ ಕೋಶಗಳು ಸಾಯತೊಡಗುತ್ತವೆ. ಕೈಕಾಲು ತಾವಾಗಿಯೇ ಕುಣಿಯುತ್ತವೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಕೊನೆಗೆ ನೆನಪೂ ಹೋಗುತ್ತದೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ. ತಂದೆಯ ಕಡೆಯಿಂದ ಬಂದರೆ ಕೆಲವೊಮ್ಮೆ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ರೋಗಿಗಳು ದಾನ ಕೊಟ್ಟ ಚರ್ಮದಿಂದ ನಾವು ನರಕೋಶಗಳನ್ನು ಬೆಳೆಸಿ, ಆ ತುಣುಕನ್ನು ಕತ್ತರಿಸಿ ತೆಗೆಯಲು ನೋಡುತ್ತೇವೆ. ಕೋಶ ಬೆಳೆಸುವ ಗಾಜಿನ ತಟ್ಟೆಯಲ್ಲಿ ಎಷ್ಟೋ ಸಲ ಕತ್ತರಿ ಸರಿಯಾದ ಜಾಗಕ್ಕೇ ಬೀಳುತ್ತದೆ. ಬದುಕಿರುವ ಮನುಷ್ಯನ ಮಿದುಳಿಗೆ ಅದನ್ನು ತಲುಪಿಸುವುದು, ಬೇರೆ ಜಾಗ ಕತ್ತರಿಸದಂತೆ ತಡೆಯುವುದು ನಮ್ಮಿಂದ ಇನ್ನೂ ಆಗಿಲ್ಲ.

ಸಂದರ್ಶನದಲ್ಲಿ ಇದೇ ಕಾಯಿಲೆ ಯಾಕೆ ಎಂದು ಕೇಳಿದ್ದರು. ಒಂದೇ ಜೀನ್ ಆದ್ದರಿಂದ ಪ್ರಶ್ನೆ ಸ್ಪಷ್ಟವಾಗಿದೆ ಎಂದೆ. ಅಪ್ಪನ ವಿಷಯ ಹೇಳಲಿಲ್ಲ. ನನ್ನದು 'ಬೆಫ್ರಿಸ್ಟೆಟ್', ಅಂದರೆ ಮುಗಿಯುವ ತಾರೀಖು ಮೊದಲೇ ಬರೆದಿರುವ ನೌಕರಿ. ನಾಳೆ ನನಗೂ ಕಾಯಿಲೆ ಬರಬಹುದೆಂದು ತಿಳಿದರೆ ಮುಂದಿನ ಕೆಲಸ ಯಾರು ಕೊಡುತ್ತಾರೆ ಎಂಬ ಭಯ ಆಗಲೂ ಇತ್ತು, ಈಗಲೂ ಇದೆ.

ಅಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಊರಿಗೆಲ್ಲ ಅವರು ಕುಡುಕ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ತಿಳಿದುಕೊಂಡು ಬಂದ ಅವ್ವ, ಅಂದಿನಿಂದ ಅಪ್ಪ ಹೊರಗೆ ಹೊರಟಾಗಲೆಲ್ಲ ಅಂಗಿಯ ಕಾಲರಿಗೆ ಬ್ರಾಂದಿ ಚಿಮುಕಿಸುತ್ತಿದ್ದಳು. ಬಾಟಲಿ ಅಡುಗೆಮನೆಯ ಅಟ್ಟದ ಮೇಲಿರುತ್ತಿತ್ತು. ಅಪ್ಪ ಕತ್ತು ಬಗ್ಗಿಸಿ ನಿಲ್ಲುತ್ತಿದ್ದರು. "ಚೂರು ಬಾಯ್ಗೂ ಬುಡಮ್ಮಿ, ಬರೀ ಅಂಗೀಗೇ ಕುಡಿಸ್ತೀಯಲ್ಲ" ಎನ್ನುತ್ತಿದ್ದರಂತೆ.

ಇದನ್ನು ಅವ್ವ ನನಗೆ ಹೇಳಿದ್ದು ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ. ತರಗತಿಯಲ್ಲಿ ತೋರಿಸಿದ ಒಂದು ವಿಡಿಯೊದಲ್ಲಿ ಯಾರೋ ವಿದೇಶಿ ರೋಗಿ ಅಪ್ಪನ ನಡಿಗೆ ನಡೆಯುತ್ತಿದ್ದ. ಊರಿಗೆ ಹೋಗಿ ಕೇಳಿದೆ.

"ಕುಡುಕನ ಮನೆ ಅಂದ್ರೂ ಎಣ್ಣು ಕೊಡಾಕೆ ಬತ್ತಾರೆ ಕಣ್ ಮಗ. ಕುಡಿತ ಇವತ್ತಲ್ಲ ನಾಳೆ ಬುಡ್ತಾನೆ ಅಂತಾರೆ. ನರದ ಕಾಯ್ಲೆ, ವಂಸದಲ್ಲೇ ಅದೆ ಅಂದ್ರೆ ನಮ್ಮ ಜಗ್ಲಿ ಅತ್ತಾಕಿಲ್ಲ. ಇಬ್ರು ಮಕ್ಳು ನೀವು. ನಾನೇನ್ ಮಾಡ್ಲಿ?"

"ಮಂಜಂಗೆ ಗೊತ್ತಾ?"

"ಏಳೀಯೆ ನೀನು! ನನ್ ಮ್ಯಾಲಾಣೆ."

ಮಂಜ ನನ್ನ ತಮ್ಮ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಆಮೇಲೆ ನಾಗಮಂಗಲದ ಟ್ರಾಕ್ಟರ್ ಬಿಡಿಭಾಗದ ಅಂಗಡಿಗೆ ಕೆಲಸಕ್ಕೆ ಹೋಗುತ್ತಾನೆ. ಅಪ್ಪನ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋದಾಗ ದೊಡ್ಡಪ್ಪ ಅವನ ಹೆಗಲು ಹಿಡಿದು, "ಕುಡ್ದು ಕುಡ್ದು ಓದ ಕಣ್ಲಾ ನಿಮ್ಮಪ್ಪ. ನೀನು ಮುಟ್ಬ್ಯಾಡ" ಎಂದಿದ್ದರು. ಮಂಜ ಕಾವೇರಿಯಲ್ಲಿ ನಿಂತು ಆಣೆ ಮಾಡಿದ. ಅದನ್ನು ಮುರಿದಿಲ್ಲ. ಗೆಳೆಯರ ಮದುವೆಗಳಲ್ಲೂ ಸೋಡ ಕುಡಿದು ಎದ್ದು ಬರುತ್ತಾನೆ. ಅಪ್ಪನಿಗಾದದ್ದು ತನಗಾಗದು ಎಂಬ ಅವನ ಧೈರ್ಯವೆಲ್ಲ ಆ ಆಣೆಯ ಮೇಲೆ ನಿಂತಿದೆ.

ಇಲ್ಲಿನ ಕಾನೂನಿನಲ್ಲಿ 'ರೆಷ್ಟ್ ಔಫ್ ನಿಷ್ಟ್‌ವಿಸ್ಸೆನ್' ಎಂಬುದೊಂದಿದೆ. ತಿಳಿಯದಿರುವ ಹಕ್ಕು ಎಂದರ್ಥ. ನಿನ್ನ ಜೀನ್‌ನಲ್ಲಿ ಏನಿದೆ ಎಂದು ಪರೀಕ್ಷೆ ಮಾಡಿಸಿಕೋ ಎಂದು ನನ್ನನ್ನು ಯಾರೂ ಒತ್ತಾಯಿಸುವಂತಿಲ್ಲ. ಪರೀಕ್ಷೆಯ ಯಂತ್ರ ನನ್ನ ಮೇಜಿನ ಪಕ್ಕದಲ್ಲೇ ಇದೆ. ನಾನು ಮಾಡಿಸಿಕೊಂಡಿಲ್ಲ. ಆದರೆ ತಿಳಿಯದಿರುವ ಹಕ್ಕನ್ನು ಬಳಸುವುದಕ್ಕೂ, ತಿಳಿಯಬೇಕಾದದ್ದೊಂದು ಇದೆ ಎಂಬುದು ಗೊತ್ತಿರಬೇಕು. ಮಂಜನಿಗೆ ಅದೂ ಗೊತ್ತಿಲ್ಲ.

ಜನವರಿಯಲ್ಲಿ ಅವನಿಗೆ ಹೊಸಹೊಳಲಿನ ಹುಡುಗಿ ಗೊತ್ತಾದಳು. ಹೆಸರು ಸೌಮ್ಯ, ಪಾಂಡವಪುರದಲ್ಲಿ ಶಾಲಾ ಶಿಕ್ಷಕಿ. ಮಂಜ ವಿಡಿಯೊ ಕರೆ ಮಾಡಿದ.

"ಅಕ್ಕೋ, ಎಣ್ಣು ಒಪ್ಪವ್ಳೆ! ಕುಡಿಯೋನಲ್ಲ ಅಂತ್ಲೇ ಒಪ್ಪಿದ್ದಂತೆ. ನೋಡ್ದಾ, ಸೋಡ ಕುಡ್ದಿದ್ಕೂ ಬೆಲೆ ಸಿಕ್ತು."

ನಗುತ್ತಿದ್ದ. ನಾನು ಅವನ ಮುಖ ನೋಡಲಿಲ್ಲ. ಮೊಣಕಾಲ ಮೇಲೆ ಸುಮ್ಮನೆ ಇಟ್ಟಿದ್ದ ಎಡಗೈಯ ಬೆರಳುಗಳು ಒಂದೊಂದಾಗಿ ಏಳುತ್ತಿದ್ದವು, ಹಾರ್ಮೋನಿಯಂ ನುಡಿಸುವಂತೆ.

"ಕೈ ಯಾಕ್ಲಾ ಅಂಗೆ ಆಡಿಸ್ತಿದ್ದೀಯ?"

"ಯಾವ್ ಕೈ?" ಅವನು ಕೆಳಗೆ ನೋಡಿದ. ಬೆರಳು ನಿಂತವು. "ಕುಸಿಗೆ ಕಣಕ್ಕ, ಬುಡು."

ಕುಣಿಯುವ ಬೆರಳೆಲ್ಲ ಕಾಯಿಲೆಯಲ್ಲ. ಇದನ್ನು ನಾನು ಬಲ್ಲೆ, ಬೇರೆಯವರಿಗೆ ಹೇಳಿಯೂ ಇದ್ದೇನೆ. ಆ ವಾರ ಎರಡು ತಟ್ಟೆ ಕೋಶಗಳಿಗೆ ತಪ್ಪು ದ್ರಾವಣ ಹಾಕಿ ಕೊಂದೆ.

ಸೌಮ್ಯ ನನ್ನ ನಂಬರ್ ಪಡೆದು ಮೆಸೇಜ್ ಮಾಡತೊಡಗಿದಳು. ಜರ್ಮನಿಯಲ್ಲಿ ರಾಗಿ ಸಿಗುತ್ತದೆಯೇ ಎಂದು ಕೇಳಿದಳು. ಇಲ್ಲಿಯ ರೈ ಎಂಬ ಧಾನ್ಯದ ಹಿಟ್ಟಿನಲ್ಲಿ ಮುದ್ದೆ ಮಾಡಲು ಹೋಗಿ ಗೋಂದು ಮಾಡಿದ್ದನ್ನು ಹೇಳಿದೆ. ನಗುವ ಮುಖಗಳನ್ನು ಕಳಿಸಿದಳು. ಆಮೇಲೆ, "ಅಕ್ಕ, ನೀವು ಯಾವ ಕಾಯಿಲೆ ಬಗ್ಗೆ ರಿಸರ್ಚ್ ಮಾಡೋದು? ನಮ್ಮ ಸ್ಕೂಲ್ ಮಕ್ಕಳಿಗೆ ಹೇಳಬೇಕು, ನಮ್ಮೋರೊಬ್ಬರು ವಿಜ್ಞಾನಿ ಅಂತ" ಎಂದು ಕೇಳಿದಳು.

ಮಿದುಳಿನದ್ದು ಎಂದು ಬರೆದೆ. ಅಂದೇ ಟಿಕೆಟ್ ತೆಗೆದೆ. ಮದುವೆಗೆ ಮೊದಲು ಸೌಮ್ಯಳಿಗೆ ಹೇಳಬೇಕು, ಅದಕ್ಕೂ ಮೊದಲು ಮಂಜನಿಗೆ. ಎದುರು ಕೂತು ಹೇಳಬೇಕು. ರಜೆಯ ವಾರ ನನ್ನ ಬಾಗಿಲಿಗೆ ಬರಬೇಕಿದ್ದ ಹಲಗೆಯನ್ನು ಫ್ರಾವ್ ಕೆಲ್ಲರ್ ತಮ್ಮ ಬಾಗಿಲಿಗೆ ಹಾಕಿಕೊಳ್ಳಲು ಒಪ್ಪಿದರು. "ಮನೆಗೆ ಹೋಗುತ್ತಿದ್ದೀಯಾ?" ಎಂದು ಕೇಳಿದರು. ಹೌದೆಂದೆ. ಮರಳಿ ಬರುವ ದಿನ ಹೇಳುವಾಗಲೂ "ಮನೆಗೆ" ಎಂದೇ ಅಂದೆ.

ಬರುವ ವಿಷಯ ತಿಳಿಸಲು ನಿನ್ನೆ ಅವ್ವನಿಗೆ ಫೋನ್ ಮಾಡಿದೆ. ಅವ್ವನ ದನಿ ತಗ್ಗಿತ್ತು.

"ಮಂಜ ಡೈರಿ ಮುಂದೆ ಕ್ಯಾನು ಕೆಡವ್ಕಂಡ ಕಣ್ ಮಗ. ಕೈ ಜಾರ್ತಂತೆ. ಇದು ಎರಡ್ನೇ ದಪ. ಜನ ಎಲ್ಲ ನೋಡವ್ರೆ."

"ಅವ್ವ, ನೀನು ಏನೂ ಮಾಡ್ಬ್ಯಾಡ. ನಾನು ಬತ್ತಾ ಇವ್ನಿ."

"ನಾನೇನ್ ಮಾಡ್ಲಿ. ಪ್ಯಾಟೆಯಿಂದ ಒಂದು ಕ್ವಾಟ್ರು ಬ್ರಾಂದಿ ತರ್ಸಿವ್ನಿ, ಅಷ್ಟೇಯ."

ಸೌಮ್ಯಳ ತಂದೆತಾಯಿ ಮುಂದಿನ ಭಾನುವಾರ ಹೊಣಕೆರೆಗೆ ಬರಲಿದ್ದಾರೆ. ನನ್ನ ವಿಮಾನ ಶುಕ್ರವಾರ ಬೆಳಿಗ್ಗೆ ಬೆಂಗಳೂರು ತಲುಪುತ್ತದೆ. ಬಾಟಲಿ ಅಟ್ಟದ ಮೇಲಿದೆ. ಮುಚ್ಚಳ ಇನ್ನೂ ತೆರೆದಿಲ್ಲ ಎಂದು ಅವ್ವ ಹೇಳಿದ್ದಾಳೆ.